ಮೂರು ದಿನದ ದುಡಿಮೆ, ಅರ್ಧ ಗಂಟೆಯ ಓಟ: ಹವ್ಯಾಸಿ ಬೈಕ್ ರೇಸರ್‌ನ ವಾರಾಂತ್ಯ

[ದೃಶ್ಯ: ಬೆಂಗಳೂರು–ಚೆನ್ನೈ ಹೆದ್ದಾರಿಯ ನಕ್ಷೆ, ಇರುಂಗಾಟ್ಟುಕೋಟ್ಟೈ ಗುರುತಿನ ಮೇಲೆ ನಿಲ್ಲುತ್ತದೆ]

ನಮಸ್ಕಾರ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಶ್ರೀಪೆರಂಬುದೂರನ್ನು ದಾಟಿದ ಮೇಲೆ ಇರುಂಗಾಟ್ಟುಕೋಟ್ಟೈ ಎಂಬ ಕೈಗಾರಿಕಾ ಪ್ರದೇಶ ಬರುತ್ತದೆ. ಹೆಚ್ಚಿನವರು ಅದನ್ನು ಕಾರು ಕಾರ್ಖಾನೆಯ ಊರೆಂದು ಬಲ್ಲರು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿಸಿ, 1990ರಲ್ಲಿ ಓಟಕ್ಕೆ ತೆರೆದ 3.7 ಕಿಲೋಮೀಟರ್ ಉದ್ದದ, 12 ತಿರುವುಗಳ ರೇಸ್ ಟ್ರ್ಯಾಕ್ ಇರುವುದೂ ಅಲ್ಲಿಯೇ. ಅದಕ್ಕೂ ಮೊದಲು ಈ ಕ್ಲಬ್ಬಿನ ರೇಸುಗಳು ಚೆನ್ನೈನ ಉತ್ತರಕ್ಕಿರುವ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ ನಡೆಯುತ್ತಿದ್ದವು. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂದು ಕರೆಯಲಾಗುವ ಈ ಟ್ರ್ಯಾಕಿಗೆ ಗುರುವಾರ ಸಂಜೆ ಕೆಲಸ ಮುಗಿಸಿ ಬೆಂಗಳೂರಿನಿಂದ ಹೊರಟ ಸವಾರ ನಡುರಾತ್ರಿಯ ಹೊತ್ತಿಗೆ ತಲುಪುತ್ತಾನೆ.

ಇಂದಿನ ವಿಡಿಯೋ ಅಂತಹ ಹವ್ಯಾಸಿ ಸವಾರರ ಬಗ್ಗೆ. ಇವರು ಕಂಪನಿಗಳಿಂದ ಸಂಬಳ ಪಡೆದು ಓಡಿಸುವವರಲ್ಲ. ವಾರವೆಲ್ಲ ಕಚೇರಿಯಲ್ಲೋ, ಗ್ಯಾರೇಜಿನಲ್ಲೋ, ಕಾಲೇಜಿನಲ್ಲೋ ಕಳೆದು, ಎರಡು ದಿನ ರಜೆ ಹಾಕಿ, ಸ್ವಂತ ದುಡ್ಡು ಸುರಿದು ಬರುವವರು. ಶುಕ್ರವಾರದಿಂದ ಭಾನುವಾರದವರೆಗೆ ಅಲ್ಲಿ ಇರುವ ಇಂತಹ ಸವಾರ ನಿಜವಾದ ರೇಸ್ ಓಡುವುದು ಎಷ್ಟು ಹೊತ್ತು ಎಂದು ಲೆಕ್ಕ ಹಾಕೋಣ. ಹೊಸಬರ ವರ್ಗದಲ್ಲಿ ಎರಡು ರೇಸುಗಳು, ತಲಾ ಆರು ಲ್ಯಾಪ್ (ಅಂದರೆ ಟ್ರ್ಯಾಕಿನ ಪೂರ್ತಿ ಸುತ್ತು), ಲ್ಯಾಪಿಗೆ ಸುಮಾರು ಎರಡು ನಿಮಿಷ ಎಂದು ಇಟ್ಟುಕೊಂಡರೆ ಒಟ್ಟು 24 ನಿಮಿಷ. ಉಳಿದ ಸಮಯವೆಲ್ಲ ಎಲ್ಲಿ ಹೋಗುತ್ತದೆ ಎಂಬುದನ್ನು ನೋಡಿದರೆ, ಸಣ್ಣ ಬೈಕುಗಳ ರೇಸಿನಲ್ಲಿ ಗೆಲುವು ಎಲ್ಲಿ ತಯಾರಾಗುತ್ತದೆ ಎಂಬುದೂ ತಿಳಿಯುತ್ತದೆ.

[ದೃಶ್ಯ: ಪ್ಯಾಡಾಕ್, ಸ್ಟ್ಯಾಂಡಿನ ಮೇಲೆ ನಿಂತ, ಹೆಡ್‌ಲೈಟ್ ಇಲ್ಲದ ಬೈಕ್]

ಮೊದಲ ಘಟ್ಟ ಸ್ಕ್ರುಟಿನಿ, ಅಂದರೆ ತಪಾಸಣೆ. ಭಾರತದಲ್ಲಿ ಅಧಿಕೃತ ರೇಸಿಗೆ ಇಳಿಯಬೇಕಾದರೆ ಎಫ್‌ಎಂಎಸ್‌ಸಿಐ ಎಂದು ಎಲ್ಲರೂ ಕರೆಯುವ ರಾಷ್ಟ್ರೀಯ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟದ ಪರವಾನಗಿ ಇರಬೇಕು. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಕಾಗದಪತ್ರ ಸರಿಯಿದ್ದರೆ ಸಾಲದು, ಬೈಕನ್ನೂ ಮೈಮೇಲಿನ ಉಡುಪನ್ನೂ ಅಧಿಕಾರಿಗಳು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಕನ್ನಡಿ, ಇಂಡಿಕೇಟರ್, ಹೆಡ್‌ಲೈಟ್, ಸೈಡ್ ಸ್ಟ್ಯಾಂಡ್ ಇವೆಲ್ಲ ಮೊದಲೇ ಬಿಚ್ಚಿರುತ್ತವೆ. ಆಯಿಲ್ ಡ್ರೈನ್ ಬೋಲ್ಟಿಗೂ ಫಿಲ್ಟರಿನ ಮುಚ್ಚಳಕ್ಕೂ ತಂತಿ ಬಿಗಿದಿರಬೇಕು, ಏಕೆಂದರೆ ಇಂಜಿನ್ನಿನ ಕಂಪನಕ್ಕೆ ಸಡಿಲಾದ ಒಂದು ಬೋಲ್ಟ್ ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿದರೆ ಬೀಳುವವನು ಆ ಬೈಕಿನ ಸವಾರನಲ್ಲ, ಅವನ ಹಿಂದೆ ಬರುತ್ತಿರುವವರು. ರೇಡಿಯೇಟರ್ ಇರುವ ಬೈಕುಗಳಿಗೆ ಕೂಲೆಂಟ್ ಹಾಕದೆ ಬರೀ ನೀರು ತುಂಬಿಸುವ ಪದ್ಧತಿಗೂ ಕಾರಣ ಇದೇ: ಕೂಲೆಂಟಿನಲ್ಲಿರುವ ಗ್ಲೈಕಾಲ್ ನೆಲಕ್ಕೆ ಬಿದ್ದರೆ ಬೇಗ ಒಣಗುವುದಿಲ್ಲ, ಎಣ್ಣೆಯಷ್ಟೇ ಜಾರುತ್ತದೆ. ಆ ತಂತಿಯನ್ನು ಸರಿಯಾದ ದಿಕ್ಕಿಗೆ ಹೊಸೆದು ಕಟ್ಟುವುದು ಬೇಸರದ ಕೆಲಸ. ಅದನ್ನು ಮೆಕ್ಯಾನಿಕ್‌ಗೆ ಬಿಡದೆ ಸ್ವತಃ ಮಾಡುವ ಸವಾರರನ್ನು ಕಂಡರೆ ನನಗೆ ಗೌರವ.

ಉಡುಪಿನ ವಿಷಯದಲ್ಲಿಯೂ ರಿಯಾಯಿತಿ ಇಲ್ಲ. ಗಲ್ಲದ ಕೆಳಗೆ ಎರಡು ಉಂಗುರಗಳಲ್ಲಿ ಪಟ್ಟಿ ತೂರಿಸಿ ಬಿಗಿಯುವ ಫುಲ್ ಫೇಸ್ ಹೆಲ್ಮೆಟ್, ಚರ್ಮದ ಸೂಟ್, ಬೆನ್ನೆಲುಬಿನ ರಕ್ಷಾಕವಚ, ಮಣಿಕಟ್ಟು ಮುಚ್ಚುವ ಗ್ಲೌಸ್, ಕಣಕಾಲನ್ನು ಹಿಡಿದಿಡುವ ಬೂಟು ಇರಲೇಬೇಕು. ಚೆನ್ನೈ ಬಿಸಿಲಿನಲ್ಲಿ ಈ ಚರ್ಮದ ಸೂಟಿನೊಳಗೆ ಗ್ರಿಡ್ಡಿನ ಮೇಲೆ, ಅಂದರೆ ಓಟ ಶುರುವಾಗುವ ಸಾಲುಗಳಲ್ಲಿ, ಕಾಯುವುದೇ ದೇಹಕ್ಕೆ ಒಂದು ಪರೀಕ್ಷೆ. ಬಾಯಾರಿಕೆಯಾಗುವವರೆಗೆ ಕಾಯದೆ ಬೆಳಗಿನಿಂದಲೇ ನೀರು, ಮಜ್ಜಿಗೆ, ಓಆರ್‌ಎಸ್ ಕುಡಿಯುತ್ತಿರುವವನಿಗೆ ಕೊನೆಯ ಲ್ಯಾಪಿನಲ್ಲೂ ಗಮನ ಚದುರುವುದಿಲ್ಲ.

[ದೃಶ್ಯ: ಒಂದು ತಿರುವಿನ ರೇಖಾಚಿತ್ರ, ಹೊರ ಅಂಚು, ಒಳ ಅಂಚು, ಮತ್ತೆ ಹೊರ ಅಂಚು ಮುಟ್ಟುವ ಗೆರೆ]

ಶುಕ್ರವಾರದ ಅಭ್ಯಾಸಕ್ಕೆ ಬರೋಣ. ಇಡೀ ವಾರಾಂತ್ಯದಲ್ಲಿ ಅತಿ ಹೆಚ್ಚು ಕಲಿಕೆ ನಡೆಯುವುದು ಇಲ್ಲಿ, ಆದ್ದರಿಂದ ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಹೊಸಬರು ಓಡಿಸುವ 165 ಸಿಸಿ ವರ್ಗದ ಬೈಕುಗಳ ಶಕ್ತಿ ಸುಮಾರು 18 ಅಶ್ವಶಕ್ತಿ. ಇದು ಹೆದ್ದಾರಿಗೆ ಸಾಕು, ರೇಸಿಗೆ ಕಡಿಮೆ, ಮತ್ತು ಆ ಕೊರತೆಯೇ ಈ ವರ್ಗದ ಗುಣವನ್ನು ನಿರ್ಧರಿಸುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿಯಂತೂ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹೀಗಾಗಿ ಗಂಟೆಗೆ 100 ಕಿಲೋಮೀಟರ್ ದಾಟಿದ ಮೇಲೆ ಸಣ್ಣ ಇಂಜಿನ್ನಿನ ಶಕ್ತಿಯ ಬಹುಭಾಗ ಗಾಳಿಯನ್ನು ಸೀಳುವುದಕ್ಕೇ ಮುಗಿದು, ವೇಗ ಹೆಚ್ಚಿಸಲು ಉಳಿಯುವುದು ಚೂರುಪಾರು. ತಿರುವಿನಲ್ಲಿ ಅನಗತ್ಯವಾಗಿ 10 ಕಿಲೋಮೀಟರ್ ವೇಗ ಕಳೆದುಕೊಂಡವನಿಗೆ ಅದನ್ನು ಮರಳಿ ಪಡೆಯಲು ಹಲವು ಸೆಕೆಂಡುಗಳೇ ಬೇಕಾಗುತ್ತವೆ. ಸಾವಿರ ಸಿಸಿ ಬೈಕಿನ ಸವಾರ ತಪ್ಪು ಮಾಡಿ ಥ್ರಾಟಲ್ (ವೇಗ ಹೆಚ್ಚಿಸುವ ಹಿಡಿಕೆ) ತಿರುವಿ ಸರಿದೂಗಿಸಬಹುದು. 165 ಸಿಸಿಯವನಿಗೆ ಆ ಸೌಲಭ್ಯವಿಲ್ಲ. ಇಲ್ಲಿ ವೇಗ ಗಳಿಸುವವನಿಗಿಂತ ಗಳಿಸಿದ ವೇಗವನ್ನು ಬಿಟ್ಟುಕೊಡದವನು ಮುಂದಿರುತ್ತಾನೆ. ದೊಡ್ಡ ಬೈಕಿಗಿಂತ ಸಣ್ಣ ಬೈಕು ಒಳ್ಳೆಯ ಗುರು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಹಾಗಾದರೆ ತಿರುವಿನಲ್ಲಿ ವೇಗ ಉಳಿಸಿಕೊಳ್ಳುವುದು ಹೇಗೆ? ತಿರುವು ದೊಡ್ಡದಾಗಿರಬೇಕು. ಟ್ರ್ಯಾಕ್ ಬದಲಾಗದು, ಆದರೆ ಅದರ ಪೂರ್ತಿ ಅಗಲವನ್ನು ಬಳಸಿ ಹೊರ ಅಂಚಿನಿಂದ ಒಳನುಗ್ಗಿ, ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಸಾಗಿದರೆ ಬೈಕ್ ಕ್ರಮಿಸುವ ಬಾಗಿನ ತ್ರಿಜ್ಯ ಹಿಗ್ಗುತ್ತದೆ. ತ್ರಿಜ್ಯ ದುಪ್ಪಟ್ಟಾದರೆ ಅಷ್ಟೇ ವಾಲಿಕೆಯಲ್ಲಿ ಸುಮಾರು ಶೇಕಡಾ 40ರಷ್ಟು ಹೆಚ್ಚು ವೇಗದಲ್ಲಿ ಹೋಗಬಹುದು. ಒಂದು ಉದಾಹರಣೆ ಕೊಡುವುದಾದರೆ, 64 ಮೀಟರ್ ತ್ರಿಜ್ಯದ ಬಾಗಿನಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಸಾಗಲು ಬೈಕೂ ಸವಾರನೂ ಸೇರಿ ಹೆಚ್ಚುಕಡಿಮೆ 45 ಡಿಗ್ರಿ ವಾಲಬೇಕು. ಸವಾರ ಸೀಟಿನಿಂದ ಒಳಗಡೆಗೆ ಜಾರಿ ನೇತಾಡುವುದು ಫೋಟೋಗಾಗಿ ಅಲ್ಲ; ತನ್ನ ಭಾರವನ್ನು ಒಳಕ್ಕೆ ತಂದರೆ ಬೈಕ್ ಅಷ್ಟು ಕಡಿಮೆ ವಾಲಿದರೂ ಸಾಕಾಗುತ್ತದೆ, ಟೈರಿನ ಅಂಚಿನಲ್ಲಿ ಇನ್ನಷ್ಟು ರಬ್ಬರ್ ಮಿಗುತ್ತದೆ. ನೆಲಕ್ಕೆ ತಾಗುವ ಮೊಣಕಾಲು ಎಷ್ಟು ವಾಲಿದ್ದೇವೆ ಎಂಬುದರ ಅಳತೆಗೋಲು ಮಾತ್ರ.

ಟೈರಿನ ಹಿಡಿತವೆಂಬುದು ತಿಂಗಳ ಸಂಬಳದ ಹಾಗೆ: ಬ್ರೇಕಿಗೆ ಖರ್ಚು ಮಾಡಿದ್ದು ತಿರುವಿಗೆ ಉಳಿಯುವುದಿಲ್ಲ. ಆದ್ದರಿಂದ ಬೈಕ್ ನೇರವಾಗಿರುವಾಗ ಜೋರಾಗಿ ಬ್ರೇಕ್ ಹಿಡಿದು, ವಾಲಿಸುತ್ತಾ ಹೋದಂತೆ ಬೆರಳನ್ನು ನಿಧಾನವಾಗಿ ಸಡಿಲಿಸಬೇಕು. ಹೊಸಬರಲ್ಲಿ ಹೆಚ್ಚಿನವರು ವಾಲಿದ ಬೈಕಿನಲ್ಲಿ ಗಾಬರಿಯಿಂದ ಮುಂದಿನ ಬ್ರೇಕನ್ನು ಮತ್ತೆ ಹಿಡಿದು, ಮುಂಚಕ್ರ ಜಾರಿ ಬೀಳುತ್ತಾರೆ. ಇದಕ್ಕೆ ಲೋಸೈಡ್ ಎನ್ನುತ್ತಾರೆ. ಬೈಕೂ ಸವಾರನೂ ನೆಲಕ್ಕಂಟಿ ಜಾರುತ್ತಾ ಹೊರಹೋಗುವುದರಿಂದ ಎಷ್ಟೋ ಸಲ ಸವಾರ ಎದ್ದು ನಡೆಯುತ್ತಾನೆ. ಹೆಚ್ಚು ಭಯಂಕರವಾದುದು ಹೈಸೈಡ್: ತಿರುವಿನಿಂದ ಹೊರಬರುವಾಗ ಥ್ರಾಟಲ್ ಅತಿಯಾಗಿ ಹಿಂಚಕ್ರ ಜಾರಿ, ಸವಾರ ಹೆದರಿ ಥ್ರಾಟಲ್ ಬಿಟ್ಟೊಡನೆ ಟೈರು ಒಮ್ಮೆಲೇ ಹಿಡಿತ ಪಡೆದು, ಬೈಕು ಸವಾರನನ್ನು ಮೇಲಕ್ಕೆ ಚಿಮ್ಮಿಸಿ ಎಸೆಯುತ್ತದೆ. ಶಕ್ತಿ ಕಡಿಮೆಯಿರುವ ಬೈಕುಗಳಲ್ಲಿ ಇದು ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ.

ಅಭ್ಯಾಸದಲ್ಲಿ ಅನುಭವಿ ಸವಾರ ಮಾಡುವ ಕೆಲಸ ಈಗ ಅರ್ಥವಾದೀತು. ಅವನು ಮೊದಲ ಲ್ಯಾಪಿನಿಂದಲೇ ಪೂರ್ತಿ ವೇಗದಲ್ಲಿ ಹೋಗುವುದಿಲ್ಲ. ಪ್ರತಿ ತಿರುವಿಗೂ ಬ್ರೇಕ್ ಹಿಡಿಯಲು ಒಂದು ಗುರುತು ಇಟ್ಟುಕೊಳ್ಳುತ್ತಾನೆ: ಡಾಂಬರಿನ ಮೇಲಿನ ಒಂದು ತೇಪೆ, ಬಾವುಟ ಬೀಸುವ ಮಾರ್ಷಲ್ ನಿಲ್ಲುವ ಗೂಡು, ಬಣ್ಣ ಬಳಿದ ಅಂಚಿನ ಆರಂಭ. ಸುಲಭವಾದ ಕಡೆ ಗುರುತನ್ನು ಮುಂದಕ್ಕೆ ಒಯ್ಯುತ್ತಾ, ಕಷ್ಟವಾದ ಕಡೆ ಹಿಂದಕ್ಕೆ ತರುತ್ತಾ, ಪ್ರತಿ ಸುತ್ತಿಗೆ ಒಂದೇ ಒಂದನ್ನು ಬದಲಿಸಿ ನೋಡುತ್ತಾನೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡಿಗೆ ಬೈಕ್ ಸಾಗುವ ದೂರ ಸುಮಾರು 17 ಮೀಟರ್. ಗುರುತಿಲ್ಲದೆ ಅಂದಾಜಿನ ಮೇಲೆ ಓಡಿಸುವವನ ಅಂದಾಜು ಪ್ರತಿ ಸುತ್ತಿಗೂ ಅಷ್ಟಷ್ಟು ತಪ್ಪುತ್ತಿರುತ್ತದೆ.

ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದಲ್ಲಿ ಬೈಕ್ ನಿಲ್ಲಿಸಿ ಸರಿಪಡಿಸುವ ಜಾಗಕ್ಕೆ, ಬಂದೊಡನೆ ಮೊದಲು ಅಳೆಯುವುದು ಟೈರಿನ ಗಾಳಿಯನ್ನು. 25 ಡಿಗ್ರಿಯಲ್ಲಿ 28 ಪಿಎಸ್‌ಐ ತುಂಬಿಸಿದ ಟೈರು 70 ಡಿಗ್ರಿಗೆ ಬಿಸಿಯಾದರೆ ಒತ್ತಡ ಸುಮಾರು 34ಕ್ಕೆ ಏರುತ್ತದೆ. ಒತ್ತಡ ಹೆಚ್ಚಾದರೆ ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾಗುತ್ತದೆ. ಹೀಗಾಗಿ ಲೆಕ್ಕಕ್ಕೆ ಬರುವುದು ಓಡಿ ಬಂದ ಕೂಡಲೇ ಅಳೆದ ಬಿಸಿ ಒತ್ತಡವೇ, ಬೆಳಿಗ್ಗೆ ತುಂಬಿಸಿದ್ದಲ್ಲ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಬೇರೆ ಬೇರೆ ಅಂಕಿ ಬರೆದಿಟ್ಟುಕೊಳ್ಳುವವರು ಶನಿವಾರ ತಡಕಾಡಬೇಕಿಲ್ಲ.

[ದೃಶ್ಯ: ಲ್ಯಾಪ್ ಸಮಯಗಳ ಪಟ್ಟಿ]

ಶನಿವಾರ ಬೆಳಿಗ್ಗೆ ಕ್ವಾಲಿಫೈಯಿಂಗ್. ಕಾಲು ಗಂಟೆಯ ಆಸುಪಾಸು ಸಿಗುವ ಈ ಅವಧಿಯಲ್ಲಿ ಅತ್ಯುತ್ತಮವಾದ ಒಂದು ಲ್ಯಾಪ್ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದರ ಪ್ರಕಾರ ಗ್ರಿಡ್ಡಿನಲ್ಲಿ ಜಾಗ. ಬೈಕಿಗೆ ಅಂಟಿಸಿದ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಸಾಧನ ಮುಕ್ತಾಯದ ಗೆರೆಯನ್ನು ದಾಟಿದಾಗಲೆಲ್ಲ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಸಮಯ ದಾಖಲಾಗುತ್ತದೆ. ಎರಡು ನಿಮಿಷದ ಲ್ಯಾಪಿನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೆಂದರೆ ಟ್ರ್ಯಾಕಿನ ಮೇಲೆ ಸುಮಾರು 3 ಮೀಟರ್, ಅಂದರೆ ಒಂದೂವರೆ ಬೈಕಿನಷ್ಟು ಉದ್ದ. ಇಲ್ಲಿ ಸವಾರನ ಮುಂದೆ ಒಂದು ಇಕ್ಕಟ್ಟಿದೆ. ಮುಂದಿನವನ ಹಿಂದೆ ಅವನ ಗಾಳಿಯ ಮರೆಯಲ್ಲಿ ಹೋದರೆ ನೇರ ದಾರಿಯಲ್ಲಿ ತಡೆ ಕಡಿಮೆಯಾಗಿ ಬೈಕ್ ಇನ್ನೂ ವೇಗವಾಗಿ ಓಡುತ್ತದೆ. ಆದರೆ ತಿರುವಿನಲ್ಲಿ ಅವನೇ ಅಡ್ಡವಾಗುತ್ತಾನೆ. ಒಂಟಿಯಾಗಿ ಹೋದರೆ ತಿರುವು ಸ್ವಚ್ಛ, ನೇರ ದಾರಿ ಭಾರ. 165 ಸಿಸಿಯವರು ಹೆಚ್ಚಾಗಿ ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ, ಆದ್ದರಿಂದಲೇ ಎಲ್ಲರೂ ಮತ್ತೊಬ್ಬರು ಮುಂದೆ ಹೋಗಲಿ ಎಂದು ಕಾಯುತ್ತಾ ನಿಧಾನಿಸುವ ಹಾಸ್ಯಾಸ್ಪದ ದೃಶ್ಯವೂ ಕಾಣಸಿಗುತ್ತದೆ.

ರೇಸಿನ ಸಮಯ ಬಂದಾಗ ವಾರ್ಮ್ ಅಪ್ ಲ್ಯಾಪ್ ಮುಗಿಸಿ ಎಲ್ಲರೂ ತಮ್ಮ ತಮ್ಮ ಗೆರೆಗಳಲ್ಲಿ ನಿಲ್ಲುತ್ತಾರೆ. ಕೆಂಪು ದೀಪಗಳು ಹೊತ್ತಿ, ಆರಿದ ಕ್ಷಣ ಓಟ ಶುರು. ಅದಕ್ಕೂ ಮೊದಲು ಚಕ್ರ ಉರುಳಿದರೆ ದಂಡ. ಅತಿ ಹೆಚ್ಚು ಅಪಾಯ ಇರುವುದು ಮೊದಲ ತಿರುವಿನಲ್ಲಿ, ಏಕೆಂದರೆ ಟೈರುಗಳು ಇನ್ನೂ ಪೂರ್ತಿ ಬಿಸಿಯಾಗಿರುವುದಿಲ್ಲ ಮತ್ತು ಗ್ರಿಡ್ಡಿನ ಎಲ್ಲರಿಗೂ ತಿರುವಿನ ಒಂದೇ ದಾರಿ ಬೇಕು. ಆಮೇಲೆ ಐದಾರು ಬೈಕುಗಳ ಗುಂಪುಗಳು ಕೂಡಿಕೊಂಡು, ಗಾಳಿಯ ಮರೆಯಲ್ಲಿ ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗುತ್ತವೆ. ಕೊನೆಯ ಲ್ಯಾಪಿನ ಕೊನೆಯ ತಿರುವಿನಿಂದ ಮೊದಲನೆಯವನಾಗಿ ಹೊರಬಂದವನು ಮುಕ್ತಾಯದ ಗೆರೆಯ ಹೊತ್ತಿಗೆ ಮೂರನೆಯವನಾಗುವುದು ಈ ವರ್ಗದಲ್ಲಿ ಆಶ್ಚರ್ಯವೇನಲ್ಲ. ಜಾಣ ಸವಾರ ಬೇಕೆಂದೇ ಎರಡನೆಯವನಾಗಿ ಉಳಿದು, ಹಿಂದಿನಿಂದ ನುಗ್ಗುವ ಜಾಗವನ್ನು ಹಿಂದಿನ ಲ್ಯಾಪುಗಳಲ್ಲೇ ಅಳೆದಿಟ್ಟುಕೊಂಡಿರುತ್ತಾನೆ.

[ದೃಶ್ಯ: ಬಾವುಟಗಳು, ಒಂದಾದ ಮೇಲೊಂದು]

ಓಡುವವರ ಕಣ್ಣು ಬಾವುಟಗಳ ಮೇಲಿರಬೇಕು. ಹಳದಿ ಎಂದರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದಿಕ್ಕುವಂತಿಲ್ಲ. ಹಳದಿ ಕೆಂಪು ಪಟ್ಟೆಗಳೆಂದರೆ ನೆಲ ಜಾರುತ್ತಿದೆ. ಕಪ್ಪು ಬಾವುಟದ ನಡುವೆ ಕಿತ್ತಳೆ ವೃತ್ತವಿದ್ದು ನಿಮ್ಮ ಸಂಖ್ಯೆ ತೋರಿಸಿದರೆ ಬೈಕಿನಲ್ಲಿ ದೋಷವಿದೆ, ಕೂಡಲೇ ಟ್ರ್ಯಾಕ್ ಬಿಡಬೇಕು. ಕೆಂಪು ಎಂದರೆ ಓಟ ನಿಂತಿತು. ಬಿಸಿಲಲ್ಲಿ ನಿಂತು ಈ ಬಾವುಟ ಬೀಸುವ, ಬಿದ್ದವನ ಬಳಿಗೆ ಮೊದಲು ಓಡಿಹೋಗುವ ಮಾರ್ಷಲ್‌ಗಳಿಲ್ಲದೆ ಯಾವ ಕ್ಲಬ್ ರೇಸೂ ನಡೆಯದು. ಇಷ್ಟೆಲ್ಲ ಇದ್ದೂ ಅಪಾಯ ಸೊನ್ನೆಯಾಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಇದೇ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಒಂದು ಸುತ್ತಿನಲ್ಲಿ ಬೆಂಗಳೂರಿನ 13 ವರ್ಷದ ಸವಾರ ಬಿದ್ದು ಮೃತಪಟ್ಟ, ಆ ವಾರಾಂತ್ಯದ ಉಳಿದ ರೇಸುಗಳನ್ನು ರದ್ದುಪಡಿಸಲಾಯಿತು. ರೇಸಿಂಗ್ ಬೀದಿಗಿಂತ ಸುರಕ್ಷಿತ ಎಂಬ ಮಾತನ್ನು ನಾವೆಲ್ಲ ಸಲೀಸಾಗಿ ಆಡುತ್ತೇವೆ; ಟ್ರ್ಯಾಕಿನಲ್ಲಿ ಎದುರು ವಾಹನ, ಕಂಬ, ದನ ಇಲ್ಲವೆಂಬುದು ನಿಜ, ಆದರೆ ಒಬ್ಬ ಬಿದ್ದಾಗ ಹಿಂದಿನವರು ಒಂದೆರಡು ಮೀಟರ್ ಅಂತರದಲ್ಲಿ ಇರುತ್ತಾರೆಂಬುದೂ ಅಷ್ಟೇ ನಿಜ.

ಭಾನುವಾರ ಎರಡನೆಯ ರೇಸ್ ಮುಗಿದ ಮೇಲೆ ಮುಂದಿನ ಸ್ಥಾನ ಪಡೆದ ಬೈಕುಗಳನ್ನು ಅಧಿಕಾರಿಗಳು ಬೇರೆ ಆವರಣದಲ್ಲಿ ಇರಿಸಿಕೊಂಡು, ನಿಯಮದಾಚೆಗೆ ಇಂಜಿನ್ ಬದಲಿಸಲಾಗಿದೆಯೇ ಎಂದು ಪರಿಶೀಲಿಸುತ್ತಾರೆ. ತಕರಾರು ಸಲ್ಲಿಸುವ ಅವಧಿ ಮುಗಿದ ಮೇಲೆಯೇ ಫಲಿತಾಂಶ ಅಂತಿಮ. ಹೀಗೆ ಹೊಸಬರ ವರ್ಗದಿಂದ ಏರುತ್ತಾ ಹೋದವರು ಎಲ್ಲರೂ ಒಂದೇ ಮಾದರಿಯ ಬೈಕ್ ಓಡಿಸುವ, ಕಂಪನಿಗಳ ಒನ್ ಮೇಕ್ ರೇಸುಗಳಿಗೂ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ದೊಡ್ಡ ವರ್ಗಗಳಿಗೂ ಹೋಗುತ್ತಾರೆ. ಹುಡುಗಿಯರಿಗೆ ಪ್ರತ್ಯೇಕ ವರ್ಗವಿದೆ. ಕರ್ನಾಟಕದವರು ಈ ಏಣಿಯ ಎಲ್ಲ ಮೆಟ್ಟಿಲುಗಳಲ್ಲೂ ಇದ್ದಾರೆ. ಹುಬ್ಬಳ್ಳಿಯ ಅನೀಶ್ ಶೆಟ್ಟಿ ಅವರ ಹೆಸರನ್ನು ರೇಸ್ ನೋಡುವವರೆಲ್ಲ ಕೇಳಿರುತ್ತಾರೆ.

ನೀವೂ ಇಳಿಯಬೇಕೆಂದಿದ್ದರೆ ಬೈಕ್ ಕೊಳ್ಳುವುದರಿಂದ ಆರಂಭಿಸಬೇಡಿ. ಮೊದಲು ಮಾನ್ಯತೆ ಪಡೆದ ತರಬೇತಿ ಶಿಬಿರಕ್ಕೆ ಸೇರಿ, ಅಲ್ಲಿಂದ ಪ್ರಮಾಣಪತ್ರ ಪಡೆದು ಪರವಾನಗಿಗೆ ಅರ್ಜಿ ಹಾಕಿ. ಸೈಲೆನ್ಸರಿಗೂ ಸ್ಟಿಕ್ಕರಿಗೂ ಎತ್ತಿಟ್ಟ ದುಡ್ಡನ್ನು ಒಳ್ಳೆಯ ಹೆಲ್ಮೆಟ್ ಮತ್ತು ಮೈಗೆ ಸರಿಹೊಂದುವ ಚರ್ಮದ ಸೂಟಿಗೆ ತೊಡಗಿಸಿ. ಖಾಸಗಿ ತಂಡಗಳು ತಯಾರಾದ ಬೈಕನ್ನು ಮೆಕ್ಯಾನಿಕ್ ಸಮೇತ ಬಾಡಿಗೆಗೆ ಕೊಡುತ್ತವೆ. ಬಿದ್ದು ಹಾಳಾದರೆ ರಿಪೇರಿಯ ಖರ್ಚು ಯಾರದು ಎಂಬುದನ್ನು ಮಾತ್ರ ಮುಂಗಡ ಕೊಡುವ ಮುನ್ನ ಬರೆಸಿಕೊಳ್ಳಿ.