ಅಜ್ಜನ ಟ್ರಂಕಿನಲ್ಲಿ ಸಿಕ್ಕ ಜಪಾನಿ ಕಾರ್ಡು

ಹಿಂದೆ ಕೇಳಿಸುತ್ತಿರುವುದು ಮಳೆ, ಮೈಕ್ ಸರಿಯಾಗಿಯೇ ಇದೆ. ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತು, ಕೋವಿ ಒರೆಸಬೇಕು, ಹಳೇ ಬಟ್ಟೆ ಹುಡುಕು ಅಂತ ಅಪ್ಪ ನನ್ನನ್ನು ಅಟ್ಟಕ್ಕೆ ಹತ್ತಿಸಿದರು. ಬಟ್ಟೆ ಸಿಗಲಿಲ್ಲ. ಅಜ್ಜನ ತಗಡಿನ ಟ್ರಂಕ್ ಸಿಕ್ಕಿತು.

ಅದರಲ್ಲಿದ್ದದ್ದು ಇದು, ನೋಡಿ. ಪೋಸ್ಟ್‌ಕಾರ್ಡ್ ಅಳತೆ, ಮೂಲೆಯಲ್ಲಿ ಬೂಸ್ಟು. ದಪ್ಪ ಹೊಟ್ಟೆಯ ಬ್ರಿಟಿಷ್ ದೊರೆ ಕುರ್ಚಿಯಲ್ಲಿ ಕೂತು ಚುಟ್ಟಾ ಸೇದುತ್ತಿದ್ದಾನೆ, ಮುಂದೆ ಗುಂಡಿಗೆ ಎದೆಯೊಡ್ಡಿ ಓಡುತ್ತಿರುವವರೆಲ್ಲ ನಮ್ಮವರು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಹಿಂದೂಸ್ತಾನಿ ಮಾತು. ಆಗಿನ ಸೇನೆಯಲ್ಲಿ ಸಿಪಾಯಿಗಳಿಗೆ ಓದು ಕಲಿಸುತ್ತಿದ್ದದ್ದೇ ಹಾಗೆ, ರೋಮನ್ ಉರ್ದುವಿನಲ್ಲಿ. ಯಾರು ಓದುತ್ತಾರೆ ಅಂತ ಅಚ್ಚು ಹಾಕಿಸಿದವರಿಗೆ ಚೆನ್ನಾಗಿ ಗೊತ್ತಿತ್ತು ಅಲ್ವಾ.

ಎರಡನೇ ಮಹಾಯುದ್ಧದಲ್ಲಿ ಅಜ್ಜ ಬರ್ಮಾ ಕಡೆ ಬ್ರಿಟಿಷರ ಸೇನೆಯ ಲಾರಿ ಓಡಿಸುತ್ತಿದ್ದರು. 1944ರಲ್ಲಿ ಜಪಾನಿನವರು ಇಂಫಾಲ, ಕೊಹಿಮಾದವರೆಗೆ ನುಗ್ಗಿದಾಗ ಜೊತೆಗೆ ನೇತಾಜಿಯವರ ಆಜಾದ್ ಹಿಂದ್ ಫೌಜೂ ಇತ್ತು. ಬ್ರಿಟಿಷರಿಗಾಗಿ ಯಾಕೆ ಸಾಯುತ್ತೀರಿ, ಈ ಕಡೆ ಬನ್ನಿ ಅಂತ ಇಂಥ ಚೀಟಿಗಳನ್ನು ಹಂಚುತ್ತಿದ್ದರು. ಬ್ರಿಟಿಷರೂ ಸುಮ್ನೆ ಕೂರಲಿಲ್ಲ. ಫೌಜಿನವರಿಗೆ ‘ಜಿಫ್’, ಅಂದರೆ ಜಪಾನಿನ ಪರ ಒಳಗಿಂದೊಳಗೇ ಕೆಲಸ ಮಾಡುವವರು, ಅಂತ ಹೆಸರಿಟ್ಟು ಹೀಗಳೆದರು, ಪಲ್ಟನ್‌ಗಳಲ್ಲಿ ‘ಜೋಶ್’ ಗುಂಪು ಕಟ್ಟಿ ಜಪಾನಿನವರನ್ನು ನಂಬಬೇಡಿ ಅಂತ ಪಾಠ ಹೇಳಿಸಿದರು. ಚೀಟಿಯಲ್ಲಿ ಬರೀ ಸುಳ್ಳೇ ಇದ್ದಿದ್ದರೆ ಇಷ್ಟು ಒದ್ದಾಟ ಬೇಕಿತ್ತಾ? 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತದ್ದು ಸಿಪಾಯಿಗಳಿಗೂ ಗೊತ್ತಿದ್ದ ವಿಷಯ. ಹಾಗಂತ ಜಪಾನಿನವರೇನು ಸಾಚಾ? ಏಷ್ಯಾದವರೆಲ್ಲ ಅಣ್ಣತಮ್ಮಂದಿರು ಅನ್ನುತ್ತಲೇ ಸಯಾಂ (ಈಗಿನ ಥಾಯ್ಲೆಂಡ್)-ಬರ್ಮಾ ರೈಲು ದಾರಿ ಹಾಕಲು ಮಲಯಾದ ತಮಿಳು ಕೂಲಿಗಳನ್ನು ಸಾಯುವ ತನಕ ದುಡಿಸಿದರು. ಅದರ ಚಿತ್ರ ಕಾರ್ಡಿನಲ್ಲಿ ಬರಲಿಲ್ಲ.

ನಮ್ಮ ಕೊಡಗಿನಲ್ಲಿ ಈ ಜಗಳ ಒಂದೇ ಮನೆಯೊಳಗೂ ಇತ್ತು. ಆಮೇಲೆ ಜನರಲ್ ಆದ ತಿಮ್ಮಯ್ಯನವರು ಬರ್ಮಾದ ಅರಕಾನಿನಲ್ಲಿ ಜಪಾನಿನವರ ಮೇಲೆ ಪಲ್ಟನ್ ನಡೆಸುತ್ತಿದ್ದರೆ, ಅವರ ಸ್ವಂತ ಅಣ್ಣ ಆಜಾದ್ ಹಿಂದ್ ಫೌಜು ಸೇರಿದ್ದರು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ಮ್ಯೂಸಿಯಂ ಆಗಿದೆ. ಟ್ಯಾಂಕ್ ಮುಂದೆ ಸೆಲ್ಫಿ ತೆಗೆಯುವವರೇ ಜಾಸ್ತಿ, ನಾನೂ ತೆಗೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಸರಿ, ಅಜ್ಜ ಇದನ್ನು ಅಷ್ಟು ದೂರದಿಂದ ಯಾಕೆ ತಂದರು? ಒಳಗೊಳಗೇ ಆ ಕಡೆ ಮನಸ್ಸಿತ್ತೇನೋ ಅಂತ ನನ್ನ ತಲೆಯಲ್ಲಿ ಆಗಲೇ ದೊಡ್ಡ ಕಥೆ ಓಡುತ್ತಿತ್ತು. ಮಾವಿಯನ್ನು, ಅಂದರೆ ಅಪ್ಪನ ಅಕ್ಕನನ್ನು ಕೇಳಿದೆ. “ಒಂದು ಕಟ್ಟೇ ತಂದಿದ್ದರು ಮಗಾ. ಒಳ್ಳೇ ದಪ್ಪ ಕಾಗದ. ಉಳಿದದ್ದೆಲ್ಲ ಒಲೆ ಹಚ್ಚಲಿಕ್ಕೆ ಹೋಯಿತು.”

ಹಾಗಾದರೆ ಇದೊಂದು ಯಾಕೆ ಉಳಿಯಿತು?

ಮಾವಿ ಕನ್ನಡಕ ಹಾಕಿಕೊಂಡು ಕಾರ್ಡು ತಿರುಗಿಸಿದರು. ಹಿಂದೆ ಪೆನ್ಸಿಲ್ಲಿನಲ್ಲಿ ಅಜ್ಜನ ಅಕ್ಷರ. ಯಾರದೋ ಹೆಸರು, ಮಸುಕಾಗಿದೆ, ಪಕ್ಕದಲ್ಲಿ ‘3 ರೂಪಾಯಿ ಬರಬೇಕು’.

“ಕೊಟ್ಟಿರಲಿಕ್ಕಿಲ್ಲ ಅವನು,” ಅಂದರು ಮಾವಿ.