ನಾಟಕ ತರಗತಿಯೊಳಗೇ ಆಗಲಿ

ಮಾನ್ಯ ಅಧ್ಯಕ್ಷರೇ, ಶಿಕ್ಷಕ ಮಿತ್ರರೇ,

ವಿಶ್ವ ರಂಗಭೂಮಿ ದಿನದ ನೆಪದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರ ಮುಂದೆ ನಾಟಕದ ವಿಚಾರ ಮಾತನಾಡುವ ಅವಕಾಶ ನನಗೆ ಸಿಕ್ಕಿದೆ. ನಿಮ್ಮ ನಿಮ್ಮ ಶಾಲೆಗಳ ವಾರ್ಷಿಕೋತ್ಸವಗಳು ಈಗಷ್ಟೇ ಮುಗಿದಿವೆ. ಶಾಮಿಯಾನದವರ ಬಾಕಿ ತೀರಿದೆ, ಬಾಡಿಗೆಗೆ ತಂದ ಕಿರೀಟ, ಗದೆಗಳು ಹಿಂದಿರುಗಿವೆ. ಆ ದಣಿವು ಇನ್ನೂ ಆರದ ಹೊತ್ತಿನಲ್ಲಿ ನಾನು ಹೇಳಹೊರಟಿರುವ ಮಾತು ಕೆಲವರಿಗೆ ಒರಟಾಗಿ ಕೇಳಿಸೀತು. ಆದರೂ ಹೇಳುತ್ತೇನೆ: ಹತ್ತು ವರ್ಷದೊಳಗಿನ ಮಕ್ಕಳಿಗೆ ನಾಟಕ ಬೇಕು, ಪ್ರದರ್ಶನ ಬೇಡ. ವೇದಿಕೆ, ಮೈಕು, ಮುಖ್ಯ ಅತಿಥಿ, ಎಲ್ಲವೂ ಮುಂದೆ ಎಂದಾದರೂ ಬರಲಿ. ಮೊದಲು ನಾಟಕ ತರಗತಿಯ ನಾಲ್ಕು ಗೋಡೆಗಳೊಳಗೆ, ನೋಡುವವರು ಯಾರೂ ಇಲ್ಲದೆ ನಡೆಯಲಿ.

ಈ ನಿಲುವು ನನಗೆ ಪುಸ್ತಕ ಓದಿ ಬಂದದ್ದಲ್ಲ, ಒಂದು ತಪ್ಪು ಮಾಡಿ ಬಂದದ್ದು. ಮೂವತ್ತು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮಲೆನಾಡಿನ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸುವ ಹೊಣೆ ನನ್ನ ಪಾಲಿಗೆ ಬಂತು. ಚುರುಕಾಗಿ ಮಾತನಾಡುವ ಆರೇಳು ಮಕ್ಕಳನ್ನು ಆರಿಸಿ ರಾಜ, ಮಂತ್ರಿ, ಋಷಿಯ ಪಾತ್ರಗಳನ್ನು ಹಂಚಿದೆ. ಮೂರನೇ ತರಗತಿಯ ಒಬ್ಬ ಹುಡುಗನಿಗೆ ಮಾತು ತಡವರಿಸುತ್ತಿತ್ತು. ಅವನಿಗೂ ಏನಾದರೊಂದು ಕೊಡಬೇಕಲ್ಲ ಎಂದು ಆಶ್ರಮದ ಮರ ಮಾಡಿದೆ. ಅಂದು ಸಂಜೆ ಕಡಿದು ತಂದ ಹಸಿ ಮಾವಿನ ಕೊಂಬೆಗಳನ್ನು ಅವನ ಬೆನ್ನಿಗೂ ತೋಳುಗಳಿಗೂ ಹಗ್ಗದಿಂದ ಬಿಗಿದು, "ಮರ ಅಲ್ಲಾಡಬಾರದು, ಮರಕ್ಕೆ ಮಾತಿಲ್ಲ" ಎಂದು ಹೇಳಿ ಒಂದು ಮೂಲೆಯಲ್ಲಿ ನಿಲ್ಲಿಸಿದೆ. ಕೊಂಬೆಯೊಂದರಲ್ಲಿ ಎಲೆಗಳನ್ನು ಹೆಣೆದು ಕಟ್ಟಿದ ಚಗಳಿ ಇರುವೆಯ ಗೂಡು ಇತ್ತು. ಮಬ್ಬುಗತ್ತಲಲ್ಲಿ ನಾನು ಅದನ್ನು ನೋಡಲಿಲ್ಲ. ಚಗಳಿ ಕಚ್ಚಿದರೆ ಹೇಗಿರುತ್ತದೆಂಬುದನ್ನು ಮಲೆನಾಡಿನವರಿಗೆ ನಾನು ವಿವರಿಸಬೇಕಾಗಿಲ್ಲ. ನಾಟಕ ನಲವತ್ತು ನಿಮಿಷ ನಡೆಯಿತು. ಹುಡುಗ ಅಲ್ಲಾಡಲಿಲ್ಲ. ಮುಖ್ಯ ಅತಿಥಿಗಳು ತಮ್ಮ ಭಾಷಣದಲ್ಲಿ ಆ ಮರದ ಶಿಸ್ತನ್ನು ವಿಶೇಷವಾಗಿ ಹೊಗಳಿದರು. ಪರದೆ ಬಿದ್ದ ಮೇಲೆ ಅಂಗಿ ಬಿಚ್ಚಿದರೆ ಕುತ್ತಿಗೆಯಿಂದ ಸೊಂಟದವರೆಗೆ ಕೆಂಪು ದದ್ದುಗಳು. "ಯಾಕೋ ಹೇಳಲಿಲ್ಲ?" ಎಂದು ಕೇಳಿದೆ. ಅವನು ತಡೆತಡೆದು, "ಮರಕ್ಕೆ ಮಾತಿಲ್ಲ ಅಂದಿದ್ರಲ್ಲ ಸಾರ್" ಎಂದ.

ಇರುವೆ ಕಚ್ಚಿದ್ದು ಆಕಸ್ಮಿಕ. ಆದರೆ ಒಂದು ಮಗುವನ್ನು ಅಲಂಕಾರದ ಸಾಮಾನಿನಂತೆ ಬಳಸಿಕೊಂಡದ್ದು ಆಕಸ್ಮಿಕವಲ್ಲ. ಅದು ನಾನು ನಂಬಿದ್ದ ಪದ್ಧತಿಯ ಫಲ. ಮಾತು ಬಲ್ಲವರಿಗೆ ಇನ್ನಷ್ಟು ಮಾತು ಕೊಟ್ಟು, ಮಾತು ಬೇಕಾಗಿದ್ದವನಿಂದ ಇದ್ದ ಮಾತನ್ನೂ ಕಿತ್ತುಕೊಂಡಿದ್ದೆ. ಈಗಂತೂ ಸಂಭಾಷಣೆಯನ್ನೆಲ್ಲ ಮೊದಲೇ ಧ್ವನಿಮುದ್ರಿಸಿ ಮಕ್ಕಳಿಂದ ಬರಿಯ ತುಟಿ ಆಡಿಸುವ ಏರ್ಪಾಡು ಎಷ್ಟೋ ಕಡೆ ಇದೆ. ಅಲ್ಲಿ ರಾಜನೂ ಮರವೇ, ಮಂತ್ರಿಯೂ ಮರವೇ.

ಮರುವರ್ಷ ಅದೇ ಹುಡುಗ ನಾಲ್ಕನೇ ತರಗತಿಗೆ ಬಂದ. ಗಣಿತದಲ್ಲಿ ಉದ್ದದ ಅಳತೆಯ ಪಾಠವಿತ್ತು. ಒಂದು ದಿನ ಬೆಂಚುಗಳನ್ನು ಗೋಡೆಗೆ ಸರಿಸಿ, "ಇವತ್ತು ಇಲ್ಲೇ ಸಂತೆ" ಎಂದೆ. ಊರಿನಲ್ಲಿ ಗುರುವಾರ ಸಂತೆ ನಡೆಯುತ್ತಿದ್ದುದರಿಂದ ಯಾರಿಗೂ ಏನನ್ನೂ ಹೇಳಿಕೊಡುವ ಅಗತ್ಯ ಬೀಳಲಿಲ್ಲ; ಎರಡು ನಿಮಿಷದಲ್ಲಿ ಮೆಣಸಿನಕಾಯಿಯವರು, ಬಳೆಯವರು, ಒಣಮೀನಿನವರು ಸಾಲಾಗಿ ಕುಳಿತು ಕೂಗತೊಡಗಿದರು. ಆ ಹುಡುಗನ ತಾಯಿ ಸಂತೆಯಲ್ಲಿ ಹೂ ಮಾರುತ್ತಿದ್ದರು. ಅವನು ಅಂಗಳದಿಂದ ಹಸಿ ಎಲೆಗಳನ್ನು ತಂದು, ಬಾಳೆನಾರಿನಲ್ಲಿ ಕಟ್ಟಿ, ಒಂದು ಚೀಲ ಹಾಸಿಕೊಂಡು ಹೂವಿನಂಗಡಿ ಇಟ್ಟ. ಬೆರಳ ತುದಿಯಿಂದ ಮೊಣಕೈವರೆಗೆ ಮಾಲೆಯನ್ನು ಎಳೆದು, ಹೆಬ್ಬೆರಳಿನಿಂದ ಒತ್ತಿ ಹಿಡಿದು ಹರಿಯುವ ಆ ಕೈಚಳಕ ತಾಯಿಯದೇ ಆಗಿತ್ತು. ತಡವರಿಕೆ ಮಾಯವಾಯಿತೆಂದು ನಾನು ಹೇಳುವುದಿಲ್ಲ. ಅಂಥ ಪವಾಡ ನಾಟಕದಿಂದ ಆಗುವುದಿಲ್ಲ. ಆದರೆ ತಡವರಿಸುತ್ತಲೇ ಅವನು ಮಾತನಾಡಿದ, ಕೊಳ್ಳುವವರು ಅವನ ಮಾತು ಮುಗಿಯುವವರೆಗೆ ಕಾದರು, ಯಾಕೆಂದರೆ ಹೂ ಅವನ ಬಳಿ ಇತ್ತು.

ಆಗ ಉದ್ದನೆಯ ಹುಡುಗಿಯೊಬ್ಬಳು ಕೊಂಡ ಮಾಲೆಯನ್ನು ತನ್ನ ಕೈಗೆ ಹಿಡಿದು ನೋಡಿ, "ಇದು ಒಂದು ಮೊಳ ಇಲ್ಲ, ಮೋಸ" ಎಂದು ಜಗಳ ತೆಗೆದಳು. "ಕೈ ನಂದು, ಮೊಳವೂ ನಂದೇ" ಎಂದು ಅವನು. ಇಡೀ ಸಂತೆ ಎರಡು ಪಕ್ಷವಾಯಿತು. ನಾನು ಹೆಗಲಿಗೊಂದು ಟವೆಲು ಹಾಕಿಕೊಂಡು ಪಂಚಾಯಿತಿ ಅಧ್ಯಕ್ಷನಾಗಿ ಒಳಗೆ ಬಂದು, "ದಿನಾ ಇದೇ ಗಲಾಟೆಯಾದರೆ ಸಂತೆ ನಡೆಯುವುದು ಹೇಗಪ್ಪ?" ಎಂದು ಕೇಳಿದೆ. ಒಬ್ಬ ಎಲ್ಲರಿಗೂ ಒಂದೇ ಹಗ್ಗ ಇರಲಿ ಎಂದ. ಯಾರ ಕೈ ಅಳತೆಯ ಹಗ್ಗ ಎಂದು ಮತ್ತೆ ವಾದ ಎದ್ದಿತು. ಹೂವಿನವನ ಕೈಯಾದರೆ ಕೊಳ್ಳುವವರಿಗೆ ನಷ್ಟ, ಕೊಳ್ಳುವವರ ಕೈಯಾದರೆ ಅವನಿಗೆ ನಷ್ಟ. ಕಡೆಗೆ ಇಬ್ಬರ ಅಳತೆಗೂ ನಡುವಿನ ಒಂದು ಹಗ್ಗ ಕತ್ತರಿಸಿ, ಯಾರೂ ಮನೆಗೆ ಒಯ್ದು ಕುಗ್ಗಿಸದ ಹಾಗೆ ಕಿಟಕಿಯ ಸರಳಿಗೆ ಕಟ್ಟಿದರು. ಅದು ನಮ್ಮ ತರಗತಿಯ ಮೊಳ. ಮೀಟರ್ ಪಟ್ಟಿಯನ್ನು ಬೀರುವಿನಿಂದ ಹೊರತೆಗೆದದ್ದು ಆಮೇಲೆ. ನಮ್ಮ ದೇಶದಲ್ಲಿ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಯಾಕೆ ಬೇಕಾಯಿತೆಂಬುದು ಆ ಮಕ್ಕಳಿಗೆ ಆಗಲೇ ಅರ್ಥವಾಗಿತ್ತು. ಅದನ್ನು ಯಾರೂ ಬಂದು ನೋಡಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಕಂಡ ಅತ್ಯುತ್ತಮ ಮಕ್ಕಳ ನಾಟಕ ಅದು.

ಟವೆಲು ಹಾಕಿಕೊಂಡು ನಾನು ಮಾಡಿದ ಕೆಲಸಕ್ಕೆ ಒಂದು ಪರಂಪರೆಯೇ ಇದೆಯೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ಎಂಬ ಶಿಕ್ಷಕಿ, ಹದಿನಾಲ್ಕನೇ ವಯಸ್ಸಿಗೇ ಗಿರಣಿಯಲ್ಲಿ ನೇಯ್ಗೆಗೆ ಸೇರಿದವರು, ಮುಂದೆ ಜೀವಮಾನವಿಡೀ ಶಿಕ್ಷಕರಿಗೆ ಹೇಳಿಕೊಟ್ಟದ್ದು ಇದನ್ನೇ: ಹೊರಗೆ ನಿಂತು ನಿರ್ದೇಶಿಸಬೇಡಿ, ನೀವೂ ಒಂದು ಪಾತ್ರವಾಗಿ ಆಟದ ಒಳಗೆ ಬನ್ನಿ. ಉತ್ತರ ಗೊತ್ತಿಲ್ಲದ, ಮಕ್ಕಳ ಸಹಾಯ ಬೇಕಾಗಿರುವ ಪಾತ್ರವಾದರೆ ಇನ್ನೂ ಒಳ್ಳೆಯದು. ಶಿಕ್ಷಕನಿಗೆ ತನ್ನ ಸಹಾಯ ಬೇಕಾಗಿದೆ ಎಂದು ಮಗುವಿಗೆ ಅನ್ನಿಸುವ ಸಂದರ್ಭ ಶಾಲೆಯಲ್ಲಿ ಬೇರೆಲ್ಲಿ ಬರುತ್ತದೆ?

ಇಲ್ಲಿ ನನಗೆ ಒಂದು ಆಕ್ಷೇಪಣೆ ಎದುರಾಗುತ್ತದೆ. ಬಂಟ್ವಾಳದ ಬಳಿಯ ಮಂಚಿಯವರಾದ ರಂಗನಿರ್ದೇಶಕ ಬಿ.ವಿ. ಕಾರಂತರು ಮೂರನೇ ತರಗತಿಯಲ್ಲಿದ್ದಾಗಲೇ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಅಭಿನಯಿಸಿದ್ದರಲ್ಲ, ಆ ವಯಸ್ಸಿನಲ್ಲಿ ರಂಗ ಏರದೆ ಇದ್ದಿದ್ದರೆ ನಮಗೆ ಕಾರಂತರು ಸಿಗುತ್ತಿದ್ದರೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಕಾಡುದಾರಿಯಲ್ಲಿ ಒಂಟಿಯಾಗಿ ಶಾಲೆಗೆ ಹೋಗಲು ಹೆದರುವ ಬಡ ಹುಡುಗನಿಗೆ ದನ ಕಾಯುವ ಅಣ್ಣನಾಗಿ ಕೃಷ್ಣನೇ ಜೊತೆಯಾಗುವ ಆ ಕಥೆ ಯಾವ ಮಗುವನ್ನಾದರೂ ಒಳಗೆಳೆದುಕೊಳ್ಳುತ್ತದೆ. ರಂಗದ ಕಡೆಗೆ ತಾನಾಗಿ ಓಡುವ ಮಗುವನ್ನು ತಡೆಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಲವತ್ತು ಮಕ್ಕಳಲ್ಲಿ ಹಾಗೆ ಓಡುವವರು ಒಬ್ಬರೋ ಇಬ್ಬರೋ; ನಾನು ಉಳಿದ ಮೂವತ್ತೆಂಟು ಮಕ್ಕಳ ಪರವಾಗಿ ಮಾತನಾಡುತ್ತಿದ್ದೇನೆ. ಅದೇ ಕಾರಂತರು ಟಾಗೋರರ ಕಥೆಯನ್ನು ಆಧರಿಸಿ ಮಕ್ಕಳಿಗಾಗಿ 'ಪಂಜರಶಾಲೆ' ಬರೆದರು. ಗಿಣಿಗೆ ವಿದ್ಯೆ ಕಲಿಸುತ್ತೇವೆಂದು ಪಂಡಿತರು ಅದರ ಬಾಯಿಗೆ ಪುಸ್ತಕದ ಹಾಳೆಗಳನ್ನು ತುರುಕುತ್ತಾರೆ; ಟಾಗೋರರ ಕಥೆಯ ಕೊನೆಯಲ್ಲಿ ಸತ್ತ ಗಿಣಿಯನ್ನು ರಾಜ ಒತ್ತಿ ನೋಡಿದರೆ ಒಳಗೆ ಹಾಳೆಗಳ ಸದ್ದು ಮಾತ್ರ. ಅರ್ಥವಾಗದ ಸಂಭಾಷಣೆಯನ್ನು ಎರಡು ತಿಂಗಳು ಉರು ಹೊಡೆಸುವಾಗ ನಾವೂ ತುರುಕುತ್ತಿರುವುದು ಹಾಳೆಗಳನ್ನೇ.

ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿದರು, ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತ ಬಂದಿದೆ. ಇವೆಲ್ಲ ದೊಡ್ಡ ಕೆಲಸಗಳು. ಆದರೆ ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಯ ಮಗು ಅಲ್ಲಿಗೆ ತಲುಪುವುದಿಲ್ಲ. ಅದಕ್ಕೆ ಸಿಗಬಹುದಾದ ರಂಗಕರ್ಮಿ ನೀವೇ.

ನಲವತ್ತು ಮಕ್ಕಳನ್ನು ಎಬ್ಬಿಸಿ ಬಿಟ್ಟರೆ ಗದ್ದಲವಾಗುವುದಿಲ್ಲವೇ ಎಂದು ಕೇಳುತ್ತೀರಿ. ಆಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಆರಂಭವಾದಾಗಲೂ ಇದೇ ಭಯವಿತ್ತು. ಒಂದು ಸಂಕೇತ ಸಾಕು. ನಾನು ಒಂದು ತಮಟೆ ಇಟ್ಟುಕೊಂಡಿದ್ದೆ. ಒಂದು ಪೆಟ್ಟು ಬಿದ್ದರೆ ಎಲ್ಲರೂ ಇದ್ದ ಭಂಗಿಯಲ್ಲೇ ಕಲ್ಲಾಗಬೇಕು. ಕಲ್ಲಾಗುವುದು ಮಕ್ಕಳಿಗೆ ಆಟದಷ್ಟೇ ಇಷ್ಟ. ಪ್ರತಿ ಆಟವೂ ನೆಲದ ಮೇಲೆ ಮಲಗಿ ಹೊರಗಿನ ಸದ್ದುಗಳನ್ನು ಕೇಳುವ ಎರಡು ನಿಮಿಷದ ಮೌನದಲ್ಲಿ ಮುಗಿಯಲಿ, ಇಲ್ಲವಾದರೆ ಮುಂದಿನ ತಾಸಿನ ಶಿಕ್ಷಕರು ನಿಮ್ಮನ್ನು ಕ್ಷಮಿಸುವುದಿಲ್ಲ.

ಭಾಷೆಯ ವಿಚಾರ ಇನ್ನೂ ಮುಖ್ಯ. ಆಟದಲ್ಲಿ ಮಗು ಮನೆಯ ಮಾತನ್ನೇ ಆಡಲಿ. ಅದು ತುಳುವಾಗಲಿ, ಲಂಬಾಣಿಯಾಗಲಿ, ಉರ್ದುವಾಗಲಿ, 'ಹಾಲು' ಹೋಗಿ 'ಆಲು' ಆಗಲಿ. ಅಕಾರ ಹಕಾರ ತಿದ್ದಲು ಬೇರೆ ಹೊತ್ತಿದೆ. ಹೂ ಮಾರುವವನನ್ನು ನಡುವೆ ತಡೆದು ಉಚ್ಚಾರ ತಿದ್ದಿದರೆ ಅವನು ಮತ್ತೆ ಮರವಾಗುತ್ತಾನೆ.

ಸಮಯ ಮುಗಿಯುತ್ತ ಬಂದಿದೆಯೆಂದು ಚೀಟಿ ಬಂದಿದೆ. ಮುಖವಾಡ ಮಾಡುವುದನ್ನೂ, ಆಟಕ್ಕೆ ಬರಲೊಲ್ಲದ ಮಗುವಿನ ವಿಚಾರವನ್ನೂ ವಿಸ್ತಾರವಾಗಿ ಹೇಳಬೇಕೆಂದಿದ್ದೆ. ಮುಖವಾಡವನ್ನು ಮಧ್ಯಾಹ್ನ ಕೈಯಾರೆ ಮಾಡಿಯೇ ತೋರಿಸುತ್ತೇನೆ. ಬರಲೊಲ್ಲದ ಮಗುವನ್ನು ಎಳೆಯಬೇಡಿ, ತಮಟೆಯನ್ನು ಅದರ ಕೈಗೆ ಕೊಡಿ. ವಾರ್ಷಿಕೋತ್ಸವಕ್ಕೆ ಏನು ಮಾಡುವುದೆಂದು ಮುಖ್ಯ ಶಿಕ್ಷಕರು ಕೇಳಿದರೆ, ಒಂದು ಮಧ್ಯಾಹ್ನ ತಾಯಂದಿರನ್ನು ತರಗತಿಗೇ ಕರೆದು ಸಂತೆಯಲ್ಲಿ ಕೊಳ್ಳುವವರನ್ನಾಗಿ ಮಾಡಿ.

ಊಟದ ನಂತರ ಎಲ್ಲರೂ ಹಿಂದಿನ ಅಂಗಳಕ್ಕೆ ಬನ್ನಿ. ಬಾಳೆನಾರು ನೆನೆಹಾಕಿ ಇಟ್ಟಿದ್ದೇನೆ. ಯಾರು ಹೂವಿನವರು, ಯಾರು ಬಳೆಯವರು ಎಂಬುದನ್ನು ಬರುವ ದಾರಿಯಲ್ಲೇ ನಿಶ್ಚಯಿಸಿಕೊಳ್ಳಿ.