ಹಾಲು ಹಾಕುವವರ ದನಿ ಎಲ್ಲಿಯವರೆಗೆ?

ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ, ಎಲ್ಲರಿಗೂ ನಮಸ್ಕಾರ.

ಸಹಕಾರ ಸಪ್ತಾಹ ಅಂದರೆ ಬಾವುಟ, ಭಾಷಣ, ಊಟ. ಬಾವುಟ ಆಯಿತು. ಊಟದ ಒಗ್ಗರಣೆ ವಾಸನೆ ಇಲ್ಲಿಗೇ ಬರುತ್ತಿದೆ. ನಡುವೆ ಸಿಕ್ಕಿಕೊಂಡವನು ನಾನು, ಜಾಸ್ತಿ ಹೊತ್ತು ತೆಗೆದುಕೊಳ್ಳುವುದಿಲ್ಲ.

ಕಾರ್ಯದರ್ಶಿಗಳು ನನ್ನನ್ನು ಕರೆಯುವಾಗ ಒಂದು ಮಾತು ಹೇಳಿದರು. "ಸಾರ್, ಏನು ಬೇಕಾದರೂ ಮಾತಾಡಿ, ರಾಜಕೀಯ ಒಂದು ಬೇಡ." ಸರಿ ಅಂದೆ. ಇವತ್ತು ಬೆಳಿಗ್ಗೆ ಬಂದು ನಿಮ್ಮ ಡೇರಿಯ ಬಾಗಿಲ ಪಕ್ಕ ಇರುವ ಉದ್ಘಾಟನೆಯ ಕಲ್ಲು ಓದಿದೆ. ಮಂತ್ರಿಗಳು, ಸಂಸದರು, ಶಾಸಕರು, ಮಾಜಿ ಶಾಸಕರು, ಒಟ್ಟು ಹದಿನಾಲ್ಕು ಹೆಸರು. ಬೆಳಗಾಗೆದ್ದು ಕ್ಯಾನು ಹಿಡಿದು ಬರುವವರ ಹೆಸರು ಒಂದೂ ಇಲ್ಲ. ರಾಜಕೀಯ ಒಳಗೆ ಬಂದು ಕಲ್ಲಿನ ಮೇಲೆ ಕೂತು ಎಷ್ಟೋ ವರ್ಷ ಆಗಿದೆ, ಅಲ್ವಾ? ನಾನು ಇವತ್ತು ಕೇಳುವುದು ತಿರುಗಾಮುರುಗಾ ಪ್ರಶ್ನೆ. ಡೇರಿ ಯಾವತ್ತಾದರೂ ರಾಜಕೀಯದೊಳಗೆ ಹೋಗಿ ತನ್ನ ಮಾತು ಹೇಳಿದೆಯೇ?

ಹಾಗೆ ಹೋದವರ ಕಥೆ ಒಂದಿದೆ. ಇಂಗ್ಲೆಂಡಿನ ರಾಚ್‌ಡೇಲ್ ಅನ್ನುವ ನೇಯ್ಗೆಯ ಊರಿನಲ್ಲಿ 1844ರ ಡಿಸೆಂಬರ್ 21ರಂದು 28 ಸದಸ್ಯರು ಸೇರಿ ಒಂದು ಅಂಗಡಿ ತೆರೆದರು. ಗೋಧಿ ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಹೆಚ್ಚುಕಮ್ಮಿ ಅಷ್ಟೇ ಸರಕು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ. ದುಡ್ಡು ಎಷ್ಟೇ ಹಾಕಿರಲಿ, ಒಬ್ಬರಿಗೆ ಒಂದೇ ಓಟು. ಲಾಭ ಬಂದರೆ ಯಾರು ಎಷ್ಟು ಕೊಂಡರೋ ಆ ಲೆಕ್ಕದಲ್ಲಿ ವಾಪಸ್. ನೀವು ವರ್ಷಕ್ಕೊಮ್ಮೆ ಡೇರಿಯಲ್ಲಿ ತೆಗೆದುಕೊಳ್ಳುವ ಬೋನಸ್ ಇದೆಯಲ್ಲ, ಅದರ ಮುತ್ತಜ್ಜ ಅದು. ಅವರದೂ ನಿಮ್ಮ ಕಾರ್ಯದರ್ಶಿಗಳ ನಿಯಮವೇ. ಪಕ್ಷ, ಧರ್ಮ ಎರಡೂ ಅಂಗಡಿಯ ಹೊರಗೆ.

ಎಪ್ಪತ್ತು ವರ್ಷ ಹಾಗೇ ನಡೆಯಿತು. ಆಮೇಲೆ ಮೊದಲ ಮಹಾಯುದ್ಧ ಬಂತು. ಅಷ್ಟು ಹೊತ್ತಿಗೆ ಬ್ರಿಟನ್ನಿನ ಸಹಕಾರಿ ಅಂಗಡಿಗಳಲ್ಲಿ 30 ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದರು. ಆದರೆ ಸಕ್ಕರೆ, ಹಿಟ್ಟು ಯಾರಿಗೆ ಎಷ್ಟು ಅಂತ ನೋಡುವ ಊರಿನ ಸಮಿತಿಗಳಲ್ಲಿ ಖಾಸಗಿ ವರ್ತಕರಿಗೆ ಜಾಸ್ತಿ ಜಾಗ, ಸಹಕಾರಿಗಳಿಗೆ ಕಮ್ಮಿ. ಸೈನ್ಯಕ್ಕೆ ಯಾರು ಹೋಗಬೇಕು, ಯಾರಿಗೆ ವಿನಾಯಿತಿ ಅನ್ನುವ ಮಂಡಳಿಗಳಲ್ಲೂ ಅವರದೇ ಕೈ. ಸಾಹುಕಾರನ ಅಂಗಡಿಯ ಹುಡುಗ ಊರಲ್ಲೇ ಉಳಿಯುತ್ತಾನೆ, ಸೊಸೈಟಿಯ ಹುಡುಗ ಯುದ್ಧಕ್ಕೆ ಹೋಗುತ್ತಾನೆ ಅಂತ ಸಹಕಾರಿಗಳು ದೂರಿದರು. ಇದರ ಮೇಲೆ, ಯುದ್ಧದಲ್ಲಿ ಅತಿಲಾಭ ಮಾಡಿದವರಿಗೆ ಅಂತ ತಂದ ತೆರಿಗೆಯನ್ನು ಸಂಘಗಳಿಗೂ ಹಾಕಿದರು. ಸದಸ್ಯರ ದುಡ್ಡು ಸದಸ್ಯರಿಗೇ ವಾಪಸ್ ಹೋದರೆ ಅದು ಲಾಭ ಹೇಗಾಗುತ್ತದೆ? ನಮ್ಮ ಪತ್ತಿನ ಸಹಕಾರ ಸಂಘಗಳ ಲೆಕ್ಕಿಗರು ಇವತ್ತಿಗೂ ಆದಾಯ ತೆರಿಗೆಯವರ ಜತೆ ಇದೇ ಜಗಳ ಆಡುತ್ತಾರೆ, ಬಿಡಿ.

1917ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸಹಕಾರ ಸಮ್ಮೇಳನ ಸೇರಿತು. ಸಂಸತ್ತಿಗೆ ನಮ್ಮವರೇ ಹೋಗಬೇಕು ಅಂತ ತೀರ್ಮಾನವಾಯಿತು. ಅದೇ ವರ್ಷ ಕೋಆಪರೇಟಿವ್ ಪಾರ್ಟಿ ಹುಟ್ಟಿತು. ಮರುವರ್ಷದ ಚುನಾವಣೆಯಲ್ಲಿ 10 ಜನ ನಿಂತರು. ಗೆದ್ದದ್ದು ಒಬ್ಬರೇ, ಕೆಟರಿಂಗ್ ಅನ್ನುವ ಕ್ಷೇತ್ರದಿಂದ ಆಲ್ಫ್ರೆಡ್ ವಾಟರ್ಸನ್. ಒಬ್ಬರು ಎಷ್ಟು ಅಂತ ಕೂಗುತ್ತಾರೆ? ಕಾರ್ಮಿಕರ ಪಕ್ಷವಾದ ಲೇಬರ್ ಪಕ್ಷದ ಜತೆ ಕೂತರು. 1927ರಲ್ಲಿ ಎರಡೂ ಪಕ್ಷಗಳ ನಡುವೆ ಒಪ್ಪಂದವಾಯಿತು. ಅಂದಿನಿಂದ ಇಬ್ಬರ ಹೆಸರನ್ನೂ ಹೊತ್ತು ನಿಲ್ಲುವ ಅಭ್ಯರ್ಥಿಗಳಿದ್ದಾರೆ. 2024ರಲ್ಲಿ ಹಾಗೆ ಗೆದ್ದವರು 43.

ಈ ಏರ್ಪಾಡು ನನಗೆ ಪೂರ್ತಿ ಒಪ್ಪಿಗೆ ಅಂತಲ್ಲ. ದೊಡ್ಡ ಪಕ್ಷದ ಬಗಲಲ್ಲಿ ಕೂತ ಮೇಲೆ ಸಣ್ಣವರ ದನಿ ಇನ್ನೂ ಸಣ್ಣದಾಗುತ್ತದೆ. ನನಗೆ ಇಷ್ಟವಾದದ್ದು ಬೇರೆ. 2015ರಲ್ಲಿ ಅಲ್ಲಿನ ದೊಡ್ಡ ಸಹಕಾರಿ ಸಂಸ್ಥೆಯಾದ ಕೋಆಪರೇಟಿವ್ ಗ್ರೂಪ್ ತನ್ನ ಮಹಾಸಭೆಯಲ್ಲಿ ಸದಸ್ಯರನ್ನೇ ಕೇಳಿತು. ರಾಜಕೀಯಕ್ಕೆ ದೇಣಿಗೆ ಕೊಡೋಣವೇ, ನಿಲ್ಲಿಸೋಣವೇ? ಕೊಡೋಣ ಅಂದವರು ಗೆದ್ದರು, ಆದರೆ ದೊಡ್ಡ ಅಂತರವೇನಲ್ಲ. ಬೇಡ ಅಂದವರ ಓಟೂ ಎಣಿಕೆಗೆ ಬಂತು. ನಮ್ಮ ಕಡೆ ಮಹಾಸಭೆಯಲ್ಲಿ ಕೊನೆಯ ಸಲ ಓಟು ಎಣಿಸಿದ್ದು ಯಾವಾಗ? ಎಲ್ಲವೂ "ಸರ್ವಾನುಮತದಿಂದ ಅಂಗೀಕರಿಸಲಾಯಿತು".

ಅದು ಬಿಳಿಯರ ಕಥೆ, ನಮಗೇನು ಅನ್ನಬೇಡಿ. ಗುಜರಾತಿನ ಖೇಡಾ ಜಿಲ್ಲೆಯ ರೈತರ ಹಾಲನ್ನು ಪೋಲ್ಸನ್ ಅನ್ನುವ ಖಾಸಗಿ ಡೇರಿ, ಸರ್ಕಾರದ ಜತೆಗಿನ ಒಪ್ಪಂದದಂತೆ, ಕೊಂಡು ಬೊಂಬಾಯಿಗೆ ಕಳಿಸುತ್ತಿತ್ತು. ದರ ಅವರು ಹೇಳಿದ್ದು. ರೈತರು ಸರ್ದಾರ್ ಪಟೇಲರ ಹತ್ತಿರ ಹೋದರು. ಅವರು ಮೊರಾರ್ಜಿ ದೇಸಾಯಿಯವರನ್ನು ಕಳಿಸಿದರು. ಸುಮಾರು 15 ದಿನ ಒಂದು ತೊಟ್ಟು ಹಾಲೂ ಹೋಗಲಿಲ್ಲ, ಸರ್ಕಾರ ಬಗ್ಗಿತು. 1946ರ ಡಿಸೆಂಬರಿನಲ್ಲಿ ಸಂಘ ನೋಂದಣಿಯಾಯಿತು. ಅದೇ ಅಮುಲ್. ಹಾಲು ನಿಲ್ಲಿಸಿ ಪ್ರತಿಭಟಿಸಿದ ಮೇಲೆ ಹುಟ್ಟಿದ ಸಂಸ್ಥೆಗೆ ರಾಜಕೀಯ ಬೇಡ ಅನ್ನಲು ಬಾಯಿ ಬರುವುದಾದರೂ ಹೇಗೆ?

ಈಗ ನಮ್ಮ ಮನೆಗೆ ಬರೋಣ. ಪಕ್ಷದ ಚಿಹ್ನೆ ಇಲ್ಲದೆ ನಡೆಯುವ ಚುನಾವಣೆ ನಮ್ಮದು. ಆದರೆ ಊರೂರಿನ ಡೇರಿಗಳು ಸೇರಿದ ಹಾಲು ಒಕ್ಕೂಟದ ನಿರ್ದೇಶಕರ ಚುನಾವಣೆ ಬಂದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಒಂದು ಡೇರಿಗೆ ಒಬ್ಬ ಡೆಲಿಗೇಟ್, ಎಲ್ಲರ ಪರವಾಗಿ ಓಟು ಹಾಕುವವನು. ಓಟಿಗೆ ಇನ್ನೂ ವಾರ ಇರುವಾಗಲೇ ಡೆಲಿಗೇಟಿನ ಫೋನು ಸ್ವಿಚ್ ಆಫ್. ಹೆಂಡತಿಯನ್ನು ಕೇಳಿದರೆ "ಟೂರ್ ಹೋಗಿದ್ದಾರೆ" ಅನ್ನುತ್ತಾಳೆ. ಹಸು ಕಟ್ಟಿದವನು ರೆಸಾರ್ಟಿನಲ್ಲಿ, ಹಾಲು ಕರೆಯುವವಳು ಕೊಟ್ಟಿಗೆಯಲ್ಲಿ. ಓಟಿನ ದಿನ ಬೆಳಿಗ್ಗೆ ಬಸ್ಸಿನಲ್ಲಿ ಸೀದಾ ಮತಗಟ್ಟೆಗೆ ಕರೆತರುತ್ತಾರೆ. ಆ ಬಸ್ಸಿನಲ್ಲಿ ನಿಮ್ಮ ಊರಿನ ನೂರೈವತ್ತು ಜನರ ದನಿ ಕೂತಿರುತ್ತದೆ. ಹಾಲಿನ ದರದ ಬಗ್ಗೆ, ಫ್ಯಾಟ್ ಅಳೆಯುವ ಮಿಷಿನ್ ಬಗ್ಗೆ, ಪಶುವೈದ್ಯರು ಬಾರದ ಬಗ್ಗೆ ಹೇಳು ಅಂತ ಯಾರಾದರೂ ಅವನ ಕೈಗೆ ಒಂದು ಚೀಟಿ ಕೊಟ್ಟು ಕಳಿಸಿದ್ದೀರಾ? ಇಲ್ಲ. ಅವನನ್ನು ಬೈಯುವುದು ಸುಲಭ. ಕೈಯಲ್ಲಿ ಏನೂ ಇಲ್ಲದೆ ಕಳಿಸಿದವರು ನಾವು.

ಹಾಗಂತ ದನಿ ಏಳಲೇ ಇಲ್ಲ ಅಂತಲ್ಲ. 2019ರಲ್ಲಿ ಆರ್‌ಸಿಇಪಿ ಅನ್ನುವ ವ್ಯಾಪಾರ ಒಪ್ಪಂದದ ಮಾತು ನಡೆದಾಗ, ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಾವು ಮುಳುಗುತ್ತೇವೆ ಅಂತ ದೇಶದ ಹಾಲು ಒಕ್ಕೂಟಗಳೂ ರೈತ ಸಂಘಗಳೂ ಗಟ್ಟಿಯಾಗಿ ಹೇಳಿದವು. ಆ ವರ್ಷ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹಿಂದೆ ಸರಿಯಿತು. ಹಾಲೊಂದೇ ಕಾರಣವಲ್ಲ, ಆದರೆ ಹಾಲಿನ ಮಾತು ದಿಲ್ಲಿಯವರೆಗೆ ಹೋಗಿತ್ತು. ತಮಾಷೆ ನೋಡಿ, ನಾವು ಹೆದರಿದ ನ್ಯೂಜಿಲೆಂಡಿನ ಫಾಂಟೆರಾ ಕೂಡ ಹಾಲು ಹಾಕುವ ರೈತರದೇ ಸಹಕಾರಿ ಸಂಸ್ಥೆ. ಅವರ ಸರ್ಕಾರ ಅವರ ಮಾತು ಹೊತ್ತು ಬಂದಿತ್ತು.

2023ರ ಏಪ್ರಿಲ್‌ನಲ್ಲಿ ಮತ್ತೆ ಎರಡು ಸಹಕಾರಿಗಳು ಎದುರುಬದುರಾದವು. ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುತ್ತೇವೆ ಅಂದಿತು. ವಿಧಾನಸಭೆ ಚುನಾವಣೆಗೆ ಒಂದು ತಿಂಗಳು ಬಾಕಿ. ನಂದಿನಿ ಉಳಿಸಿ ಅಂತ ಪಕ್ಷಗಳು ಕೂಗಿದವು, ಹೋಟೆಲಿನವರು ನಂದಿನಿ ಬಿಟ್ಟು ಬೇರೆ ಮುಟ್ಟುವುದಿಲ್ಲ ಅಂದರು, ಟೀವಿಯವರು ವಾರಗಟ್ಟಲೆ ಚರ್ಚೆ ಮಾಡಿದರು. ನನಗೆ ಖುಷಿಯೇ ಆಯಿತು. ಆದರೆ ಹಾಲು ಹಾಕುವ ನಮ್ಮನ್ನು ಯಾರೂ ಕೇಳಲಿಲ್ಲ, ನಮ್ಮ ಡೇರಿಯಲ್ಲಿ ನಾವೂ ಒಂದು ಸಭೆ ಸೇರಲಿಲ್ಲ. ನಮ್ಮ ಪರವಾಗಿ ಊರೆಲ್ಲ ಮಾತಾಡುವಾಗ ನಾವು ಟೀವಿ ಮುಂದೆ ಕೂತು ಕೇಳಿಸಿಕೊಂಡೆವು.

ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನವೂ ಹಾಗೇ. 2008ರಲ್ಲಿ ಲೀಟರಿಗೆ 2 ರೂಪಾಯಿ ಅಂತ ಶುರುವಾಯಿತು, 2013ರಲ್ಲಿ 4 ಆಯಿತು, ಆಮೇಲೆ 5. ಒಳ್ಳೆಯದೇ, ನಾನೂ ತೆಗೆದುಕೊಳ್ಳುತ್ತೇನೆ. ಆದರೆ ಅದನ್ನು ಯಾರು ಕೊಟ್ಟರು ಅಂತ ನಮಗೆಲ್ಲ ನೆನಪಿದೆ. ಯಾವ ಡೇರಿ ಯಾವ ಮಹಾಸಭೆಯಲ್ಲಿ ಕೇಳಿತು ಅಂತ ಯಾರಿಗಾದರೂ ನೆನಪಿದೆಯೇ?

ಹೊಸ ಪಕ್ಷ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ನಮಗಿರುವ ಪಕ್ಷಗಳೇ ಜಾಸ್ತಿ. ಮಹಾಸಭೆಯಲ್ಲಿ ಒಂದು ನಿರ್ಣಯ ಬರೆಯಿರಿ, ನಡಾವಳಿ ಪುಸ್ತಕದಲ್ಲಿ ದಾಖಲು ಮಾಡಿಸಿ, ಪ್ರತಿ ಒಕ್ಕೂಟಕ್ಕೆ ಕಳಿಸಿ, ಶಾಸಕರಿಗೂ ಕಳಿಸಿ, ಯಾವ ಪಕ್ಷದವರಾದರೂ ಸರಿ. ಡೆಲಿಗೇಟಿನ ಜೇಬಿಗೂ ಒಂದು ಇಡಿ. ಟೂರಿಗೆ ಹೋದರೂ ಜತೆಗಿರಲಿ.

ಹೋದ ಸೆಪ್ಟೆಂಬರಿನಲ್ಲಿ ನನ್ನೂರಿನ ಡೇರಿಯ ಮಹಾಸಭೆ. ಬಾಗಿಲಲ್ಲೇ ಹಾಜರಿ ಪುಸ್ತಕಕ್ಕೆ ರುಜು, ಕೈಗೆ ಬೂಂದಿ, ಖಾರದ ಪೊಟ್ಟಣ. ಮಹಾಸಭೆಗಳನ್ನು ತಪ್ಪಿಸುತ್ತಾ ಹೋದವರಿಗೆ ಓಟಿನ ಹಕ್ಕು ಹೋಗುತ್ತದೆ ಅನ್ನುವ ಕಾನೂನು ಬಂದಮೇಲೆ ರುಜುಗೆ ಸಾಲು ಉದ್ದ. ರುಜು ಹಾಕಿ ಅರ್ಧ ಜನ ಹೊರಟೇಬಿಟ್ಟರು. ಕಾರ್ಯದರ್ಶಿ ವರದಿ ಓದಿದರು, ಜಮಾ ಖರ್ಚು ಓದಿದರು. ಕೊನೆಗೆ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು". ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ನಿಂತಳು. "ಹಿಂಡಿ, ಬೂಸಾ ಮೂಟೆ ರೇಟು ಏರುತ್ತಾನೇ ಇದೆ. ಹಾಲಿನ ರೇಟು ಅಲ್ಲೇ ಇದೆ. ಇದನ್ನ ಯಾರಿಗೆ ಬರೀಬೇಕೋ ಬರೀರಿ." ಅಧ್ಯಕ್ಷರು ನಕ್ಕು, "ಅದೆಲ್ಲ ಮೇಲಿನವರ ಕೆಲಸ, ಕೂತ್ಕೊಳ್ಳಮ್ಮ" ಅಂದರು. ಕೂತಳು. ವಂದನಾರ್ಪಣೆ ಆಯಿತು.

ಹದಿನೈದು ದಿನ ಬಿಟ್ಟು ನಡಾವಳಿ ಪುಸ್ತಕ ತೆಗೆಸಿ ನೋಡಿದೆ. ಕೊನೆಯ ವಿಷಯದ ಮುಂದೆ "ಇತರ ವಿಷಯಗಳು ಯಾವುವೂ ಬರಲಿಲ್ಲ" ಅಂತ ಬರೆದಿತ್ತು. ಪಕ್ಕದಲ್ಲೇ ಹಾಜರಿ ಪುಸ್ತಕ ಇತ್ತು. ಅದರಲ್ಲಿ ಅವಳ ರುಜು ಇದೆ, ಮೂವತ್ತೇಳನೇ ಸಾಲಿನಲ್ಲಿ.